ಸ್ಟಾಪ್ ಮೋಷನ್ ಚಿತ್ರಕ್ಕೆ ಕುರಿಗಾಹಿಯ ಗೊಂಬೆ: ಒಳಗಿನ ತಂತಿ ಯಾವುದಿರಬೇಕು, ತಲೆ ಯಾವುದರದಿರಬೇಕು?

ಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮ ಪ್ರೌಢಶಾಲೆಯ ಮಕ್ಕಳೊಂದಿಗೆ ಸೇರಿ ಮೂರು ನಿಮಿಷದ ಸ್ಟಾಪ್ ಮೋಷನ್ ಚಿತ್ರವೊಂದನ್ನು (ಗೊಂಬೆಯನ್ನು ತುಸುತುಸುವೇ ಕದಲಿಸುತ್ತಾ ಒಂದೊಂದೇ ಫೋಟೋ ತೆಗೆದು ಜೋಡಿಸುವ ಚಿತ್ರ) ತಯಾರಿಸುವ ಸಿದ್ಧತೆಯಲ್ಲಿದ್ದೇನೆ. ಆನೆಗೊಂದಿಯ ಸುತ್ತಲಿನಂಥ ಬಂಡೆಗುಡ್ಡದಲ್ಲಿ ವಯಸ್ಸಾದ ಕುರಿಗಾಹಿಯೊಬ್ಬ ಹಿಂಡು ತಪ್ಪಿದ ಮರಿಯನ್ನು ಹುಡುಕಿಕೊಂಡು ಹೋಗುವುದೇ ಕಥೆ. ಮಾತು ಕಡಿಮೆ, ನಡಿಗೆ ಹೆಚ್ಚು. ಹೀಗಾಗಿ ಇಡೀ ಚಿತ್ರದ ಭಾರ ಒಂದೇ ಗೊಂಬೆಯ ಮೇಲಿದೆ. ಧೋತರ, ಅಂಗಿ, ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಕೈಯಲ್ಲೊಂದು ಕೋಲು. ಎತ್ತರ ಸುಮಾರು 25 ಸೆಂ.ಮೀ. ಇರಲೆಂದು ಮಕ್ಕಳೊಂದಿಗೆ ಕೂಡಿ ತೀರ್ಮಾನಿಸಿದ್ದೇವೆ.

ಹಾರ್ಡ್‌ವೇರ್ ಅಂಗಡಿಯ ಜಿ.ಐ. ತಂತಿಯಿಂದ (ಸತು ಲೇಪಿಸಿದ ಕಬ್ಬಿಣದ ತಂತಿ) ಕಾಲಿನ ಮಾದರಿಯೊಂದನ್ನು ಮಾಡಿ ನೋಡಿದೆವು. ಬಾಗಿಸಿ ಬಿಟ್ಟರೆ ಅದು ತುಸು ಹಿಂದಕ್ಕೆ ಪುಟಿಯುತ್ತದೆ, ಇಟ್ಟ ಭಂಗಿಯಲ್ಲಿ ನಿಲ್ಲುವುದಿಲ್ಲ. ಮೈಯನ್ನು ಎಣ್ಣೆ ಮಿಶ್ರಿತ ಕ್ಲೇಯಿಂದ ಮಾಡೋಣವೆಂದರೆ ನಮ್ಮ ಭಾಗದ ಬೇಸಿಗೆಗೆ ಅದು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಯಾವ ತಂತಿ ತರಬೇಕು, ಎಷ್ಟು ದಪ್ಪದ್ದು? ಏರು ಇಳಿಜಾರಿನಲ್ಲಿ ಗೊಂಬೆ ಒಂದೇ ಕಾಲಿನ ಮೇಲೆ ನಿಲ್ಲುವುದು ಹೇಗೆ? ತಲೆಯನ್ನು ನಮ್ಮ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಪದ್ಧತಿಯಲ್ಲಿ ಮಾಡಿಕೊಳ್ಳಬಹುದೇ? ಇನ್ನೊಂದು ಮಾತು: ನಮ್ಮ ಜಿಲ್ಲೆಯ ಮೊರನಾಳದ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಮಕ್ಕಳಿಗೆ ತೊಗಲು ಗೊಂಬೆಗಳ ಮೇಲೆ ಬಹಳ ಒಲವು ಮೂಡಿದೆ. ಕೀಲುಗಳಿರುವ ಗೊಂಬೆ ನಮ್ಮಲ್ಲೇ ಇರುವಾಗ ಹೊಸದನ್ನು ಏಕೆ ಮಾಡಬೇಕೆಂದು ಅವರು ಕೇಳುತ್ತಿದ್ದಾರೆ. ಅವರಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ.

ಉತ್ತರ: ಗೊಂಬೆ ಅನಿಮೇಷನ್ ಮಾಡುವವನು, ಬಳ್ಳಾರಿ

ಅಕ್ಕನವರಿಗೆ ಶರಣು. ಮಕ್ಕಳ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರವೆಲ್ಲ ಅದರೊಳಗೇ ಇದೆ. ತೊಗಲು ಗೊಂಬೆಯ ತೋಳು ಕಾಲುಗಳನ್ನು ದಾರದಿಂದ ಸಡಿಲವಾಗಿ ಕಟ್ಟಿರುತ್ತಾರೆ. ಆಡಿಸುವವರ ಕೈ ಅಲುಗಿದೊಡನೆ ಆ ಕೀಲು ತಾನಾಗಿ ತೂಗಬೇಕು, ಪರದೆಯ ಮೇಲಿನ ಅದರ ಚೆಲುವೆಲ್ಲ ಆ ತೂಗಾಟದಲ್ಲಿದೆ. ಸ್ಟಾಪ್ ಮೋಷನ್ ಗೊಂಬೆಯ ಕೀಲು ಇದಕ್ಕೆ ತದ್ವಿರುದ್ಧವಾಗಿರಬೇಕು: ಬೆರಳಿನಿಂದ ಒತ್ತಿದಾಗ ಮಾತ್ರ ಬಾಗಬೇಕು, ಬೆರಳು ತೆಗೆದ ಮೇಲೆ ಎಳ್ಳಷ್ಟೂ ಕದಲಬಾರದು. ಅದನ್ನು ಯಾರೂ ಹಿಡಿದಿರುವುದಿಲ್ಲ, ಕ್ಯಾಮೆರಾ ಕ್ಲಿಕ್ಕಿಸುವ ಹೊತ್ತಿಗೆ ಅದು ಒಂಟಿಯಾಗಿ ನಿಂತಿರುತ್ತದೆ. ಚಪ್ಪಟೆಯ ಗೊಂಬೆಯನ್ನು ಗಾಜಿನ ಮೇಲೆ ಮಲಗಿಸಿ, ಕೆಳಗಿನಿಂದ ಬೆಳಕು ಕೊಟ್ಟು, ಮೇಲಿನಿಂದ ಚಿತ್ರ ತೆಗೆಯುವ ಮಾರ್ಗವೂ ಉಂಟು. ಜರ್ಮನಿಯ ಲೋಟೆ ರೈನಿಗರ್ ರಟ್ಟು ಮತ್ತು ತೆಳುವಾದ ಸೀಸದ ಹಾಳೆಗಳಿಂದ ಕತ್ತರಿಸಿದ ನೆರಳುಗೊಂಬೆಗಳನ್ನು ಹೀಗೆಯೇ ಚಲಿಸುವಂತೆ ಮಾಡಿ 1926ರಲ್ಲೇ ಪೂರ್ಣಾವಧಿಯ ಚಿತ್ರವನ್ನು ತೆರೆಗೆ ತಂದರು. ಮಕ್ಕಳಿಗೆ ಆಸೆಯಿದ್ದರೆ ಅದನ್ನು ಬೇರೊಂದು ಚಿತ್ರಕ್ಕೆ ಖಂಡಿತ ಮಾಡಿಸಿರಿ. ಈ ಕಥೆಗೆ ಮಾತ್ರ ಬಂಡೆಯ ಹಿಂದೆ ಮರೆಯಾಗಿ ಇನ್ನೊಂದು ಬದಿಯಿಂದ ಹೊರಬರುವ, ಮೂರೂ ದಿಕ್ಕಿನಲ್ಲಿ ಮೈಯುಳ್ಳ ಮನುಷ್ಯನೇ ಬೇಕು.

ಈಗ ಗೊಂಬೆಗೆ ಬರೋಣ. ಹೊಸಬರು ಸಾಮಾನ್ಯವಾಗಿ ಮುಖದಿಂದ ಕೆಲಸ ಶುರು ಮಾಡುತ್ತಾರೆ, ಏಕೆಂದರೆ ಮನಸ್ಸಿನಲ್ಲಿ ಮೊದಲು ಮೂಡುವುದು ಮುಖವೇ. ನಾನು ಹೇಳುವುದು, ಗೊಂಬೆಯನ್ನು ಪಾದದಿಂದ ಮೇಲಕ್ಕೆ ಕಟ್ಟಿಕೊಂಡು ಬನ್ನಿ. ತಲೆ, ರುಮಾಲು, ಕಂಬಳಿ, ಕೋಲು ಇವುಗಳ ಒಟ್ಟು ತೂಕವನ್ನು ಹೊರುವುದು ಪಾದದ ಕೀಲು. ಆ ತೂಕ ಎಷ್ಟು ಎತ್ತರದಲ್ಲಿರುತ್ತದೋ ಕೀಲಿನ ಮೇಲೆ ಅದರ ಎಳೆತವೂ ಅಷ್ಟೇ ಹೆಚ್ಚು. ಆದ್ದರಿಂದ ಪಾದದ ಕೀಲು ಎಲ್ಲಕ್ಕಿಂತ ಗಟ್ಟಿಯಾಗಿರಬೇಕು, ಮೊಣಕಾಲು ಮತ್ತು ಸೊಂಟ ಅದಕ್ಕಿಂತ ತುಸು ಮೆದುವಾಗಿರಬೇಕು, ತೋಳು ಇನ್ನೂ ಮೆದುವಾಗಿರಬೇಕು, ತಲೆ ಸಾಧ್ಯವಾದಷ್ಟು ಹಗುರವಾಗಿರಬೇಕು. ಈ ಕ್ರಮ ತಲೆಕೆಳಗಾದರೆ ನೀವು ಕೈಯನ್ನು ಎತ್ತಲು ಹೋದಾಗ ಕಾಲು ಬಾಗುತ್ತದೆ, ಆ ಒಂದು ಫ್ರೇಮಿನಲ್ಲಿ, ಅಂದರೆ ಒಂದು ಬಿಡಿಚಿತ್ರದಲ್ಲಿ, ಮುದುಕ ಜಾರಿದಂತೆ ಕಾಣುತ್ತಾನೆ.

ತಂತಿ ಅಲ್ಯೂಮಿನಿಯಂನದೇ ಆಗಲಿ. ಅದು ಜಿ.ಐ. ತಂತಿಯಂತೆ ಹಿಂದಕ್ಕೆ ಪುಟಿಯುವುದಿಲ್ಲ, ಬಾಗಿಸಿದಲ್ಲಿ ನಿಲ್ಲುತ್ತದೆ, ತೂಕವೂ ಕಡಿಮೆ. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೊಡುತ್ತಾರೆ: 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಗೇಜ್ ಎಂದರೆ ಸುಮಾರು 1.6 ಮಿ.ಮೀ. ನಿಮ್ಮ ಎತ್ತರದ ಗೊಂಬೆಯ ಕಾಲು ಮತ್ತು ಬೆನ್ನಿಗೆ 14 ಗೇಜಿನ ಎರಡು ಎಳೆ, ತೋಳಿಗೆ 16 ಗೇಜಿನ ಎರಡು ಎಳೆ, ಬೆರಳಿಗೆ 1 ಮಿ.ಮೀ.ನ ಒಂದೇ ಎಳೆ ಸಾಕಾಗುತ್ತದೆ. ಎರಡು ಎಳೆಗಳನ್ನು ಹುರಿ ಮಾಡಲು ತಂತಿಯನ್ನು ನಡುವೆ ಮಡಚಿ, ಮಡಿಕೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತುದಿಗಳನ್ನು ಡ್ರಿಲ್ ಮೆಷಿನ್ನಿನ ಬಾಯಿಗೆ ಕೊಟ್ಟು ನಿಧಾನವಾಗಿ ತಿರುಗಿಸಿರಿ. ಹುರಿ ಸಡಿಲವಾಗಿದ್ದರೆ ಒಳ್ಳೆಯದು, ಬಿಗಿ ಹುರಿ ತಂತಿಯನ್ನು ಆಗಲೇ ಅರ್ಧ ದಣಿಸಿಬಿಟ್ಟಿರುತ್ತದೆ.

ದಣಿವು ಎಂದದ್ದು ಸುಮ್ಮನೆ ಅಲ್ಲ. ಲೋಹವನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದಾಗ ಅದು ಮೊದಲು ಗಡುಸಾಗುತ್ತದೆ, ಆಮೇಲೆ ಬಿರುಕು ಬಿಟ್ಟು ತುಂಡಾಗುತ್ತದೆ. ನಿಮ್ಮ ಚಿತ್ರದ ಲೆಕ್ಕ ನೋಡಿರಿ. ಸೆಕೆಂಡಿಗೆ 24 ಫ್ರೇಮು, ಒಂದೊಂದು ಭಂಗಿಗೆ ಎರಡೆರಡು ಫ್ರೇಮು ಎಂದಿಟ್ಟುಕೊಂಡರೆ ಸೆಕೆಂಡಿಗೆ 12 ಭಂಗಿಗಳು, ಮೂರು ನಿಮಿಷಕ್ಕೆ 2160 ಭಂಗಿಗಳಾಗುತ್ತವೆ. ಅರ್ಧದಷ್ಟು ಹೊತ್ತು ಅವನು ನಡೆದರೂ ಪಾದದ ಕೀಲು ಸಾವಿರಕ್ಕೂ ಹೆಚ್ಚು ಬಾರಿ ಬಾಗಬೇಕಾಗುತ್ತದೆ. ಇಷ್ಟು ಕಾಲ ಒಂದೇ ತಂತಿ ಬಾಳುತ್ತದೆಂದು ನಂಬಿ ಕೂರಬಾರದು. ಮುರಿಯುವುದು ನಿಶ್ಚಯವೆಂದೇ ತಿಳಿದು, ಮುರಿದಾಗ ಬದಲಾಯಿಸುವಂತೆ ಕಟ್ಟುವುದು ಗೊಂಬೆ ಕಟ್ಟುವವರ ಹೊಣೆ.

ಅದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಎಲೆಕ್ಟ್ರಿಕ್ ಅಂಗಡಿಯಲ್ಲಿ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್ ಪಟ್ಟಿ ಸಿಗುತ್ತದೆಯಲ್ಲ, ಅದರ ಪ್ಲಾಸ್ಟಿಕ್ಕನ್ನು ಕತ್ತರಿಸಿ ತೆಗೆದರೆ ಒಳಗೆ ಎರಡು ತಿರುಪುಗಳಿರುವ ಪುಟ್ಟ ಹಿತ್ತಾಳೆ ಕೊಳವೆಯಿರುತ್ತದೆ. ನಿಮ್ಮ ಹುರಿ ಹೊಗುವಷ್ಟು ದೊಡ್ಡ ಅಳತೆಯದನ್ನು ಆರಿಸಿಕೊಳ್ಳಿ. ಮೊಣಕಾಲಿನ ಕೆಳಗೆ, ಮೊಣಕೈಯ ಕೆಳಗೆ, ಕುತ್ತಿಗೆಯಲ್ಲಿ ಒಂದೊಂದನ್ನು ಕೂರಿಸಿದರೆ ಪಾದ, ಕೈ, ತಲೆ ಮೂರನ್ನೂ ತಿರುಪು ಸಡಿಲಿಸಿ ಕಳಚಬಹುದು. ಪಾದಗಳ ಎರಡು ಮೂರು ಜೊತೆಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಕೀಲುಗಳ ನಡುವಿನ ಮೂಳೆಯ ಭಾಗಕ್ಕೆ ಎಂ-ಸೀಲ್ (ಎರಡು ಭಾಗಗಳನ್ನು ಕಲಸಿ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟು) ಹಚ್ಚಿ ಗಟ್ಟಿ ಮಾಡಬೇಕು, ಆಗ ತಂತಿ ಕೀಲಿನಲ್ಲಿ ಮಾತ್ರ ಬಾಗುತ್ತದೆ, ತೊಡೆಯ ನಡುವೆ ಬಾಗುವುದಿಲ್ಲ. ಕೀಲಿನ ಜಾಗದಲ್ಲಿ ಸುಮಾರು ಒಂದು ಸೆಂಟಿಮೀಟರ್ ತಂತಿಯನ್ನು ಬರಿದಾಗಿ ಬಿಡಿರಿ. ಇದಕ್ಕಿಂತ ಬಹಳ ಕಡಿಮೆ ಬಿಟ್ಟರೆ ಬಾಗುವ ಒತ್ತಡವೆಲ್ಲ ಒಂದೇ ಬಿಂದುವಿಗೆ ಬಿದ್ದು ಬೇಗ ಮುರಿಯುತ್ತದೆ, ಬಹಳ ಹೆಚ್ಚು ಬಿಟ್ಟರೆ ಮೊಣಕಾಲು ರಬ್ಬರಿನ ಕೊಳವೆಯಂತೆ ಡೊಂಕಾಗುತ್ತದೆ. ಎದೆಗೂಡು ಮತ್ತು ಸೊಂಟದ ಪಟ್ಟಿಯನ್ನೂ ಎಂ-ಸೀಲಿನಿಂದಲೇ ಮಾಡಿ, ಆದರೆ ತೆಳುವಾಗಿ. ಈ ಅಂಟು ಒಣಗಿದ ಮೇಲೆ ಕಲ್ಲಿನಷ್ಟೇ ಗಟ್ಟಿಯಾಗುತ್ತದೆ, ಭಾರವೂ ಆಗುತ್ತದೆ.

ನಿಲ್ಲುವ ಬಗ್ಗೆ ಕೇಳಿದ್ದೀರಿ. ಎರಡೂ ಪಾದಗಳ ಮುಂಭಾಗದಲ್ಲಿ, ಬೆರಳುಗಳ ಬುಡದ ಕೆಳಗೆ, ಒಂದೊಂದು ಎಂ4 ನಟ್ಟನ್ನು (4 ಮಿ.ಮೀ. ದಪ್ಪದ ಬೋಲ್ಟಿಗೆ ಹೊಂದುವಂಥದ್ದು) ಎಂ-ಸೀಲಿನೊಳಗೆ ಹುದುಗಿಸಿರಿ, ನಟ್ಟಿನ ಬಾಯಿ ಕೆಳಕ್ಕೆ ತೆರೆದಿರಲಿ. ಸೆಟ್ಟಿನ ನೆಲ 9 ಮಿ.ಮೀ. ಪ್ಲೈವುಡ್ ಆಗಿದ್ದರೆ ಹೆಜ್ಜೆ ಬೀಳುವಲ್ಲಿ ತೂತು ಕೊರೆದು, ಕೆಳಗಿನಿಂದ 12 ಮಿ.ಮೀ. ಉದ್ದದ ಬೋಲ್ಟನ್ನು ತಿರುಗಿಸಿದರೆ ಅದು ನಟ್ಟಿನೊಳಗೆ 3 ಮಿ.ಮೀ.ನಷ್ಟು ಹೊಗುತ್ತದೆ, ನಟ್ಟಿನ ದಪ್ಪವೂ ಸರಿಸುಮಾರು ಅಷ್ಟೇ. ಗೊಂಬೆ ಒಂದೇ ಕಾಲಿನ ಮೇಲೆ ಅಲ್ಲಾಡದೆ ನಿಲ್ಲುತ್ತದೆ. ಹೆಜ್ಜೆ ಮುಂದೆ ಹೋದ ಮೇಲೆ ಹಿಂದಿನ ತೂತನ್ನು ನೆಲದ ಬಣ್ಣದ ಕ್ಲೇಯಿಂದ ಮುಚ್ಚಬಹುದು. ನಟ್ಟನ್ನು ಹಿಮ್ಮಡಿಯ ಕೆಳಗಲ್ಲ, ಬೆರಳಿನ ಕಡೆಗೇ ಇಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಡೆಯುವಾಗ ಹಿಮ್ಮಡಿ ಮೊದಲು ಏಳುತ್ತದೆ, ಬೆರಳು ಕೊನೆಯವರೆಗೆ ನೆಲದ ಮೇಲಿರುತ್ತದೆ. ಕೆಲವರು ತಗಡಿನ ನೆಲದ ಕೆಳಗೆ ಆಯಸ್ಕಾಂತ ಇಟ್ಟು ಗೊಂಬೆಯನ್ನು ನಿಲ್ಲಿಸುತ್ತಾರೆ. ಗೇಣುದ್ದಕ್ಕಿಂತ ಚಿಕ್ಕ ಗೊಂಬೆಗೆ ಅದು ಆದೀತು, ಕಂಬಳಿ ಹೊತ್ತು ಗುಡ್ಡ ಹತ್ತುವವನಿಗೆ ಬೋಲ್ಟೇ ಬೇಕು.

ಮೈಗೆ ಕ್ಲೇ ಬೇಡ. ಸೋಫಾ ಹೊಲಿಯುವವರಲ್ಲಿ ಸಿಗುವ ಸ್ಪಂಜಿನ ತುಂಡುಗಳನ್ನು ಮೂಳೆಯ ಸುತ್ತ ಅಂಟಿಸಿ, ಚಿಕ್ಕ ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಆಕಾರ ಕೊಡಿರಿ. ಬಟ್ಟೆಯನ್ನು ಒತ್ತಾಗಿ ಸುತ್ತಿದರೆ ಬಾಗಿಸಿದ ಕೀಲನ್ನು ಅದು ಹಿಂದಕ್ಕೆ ತಳ್ಳುತ್ತದೆ, ಸ್ಪಂಜು ಹಾಗೆ ತಳ್ಳುವುದಿಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ದೀಪದ ಬಿಸಿ. ಗಾಳಿಗೆ ಬಟ್ಟೆ ಅಲುಗುವುದರಿಂದ ಫ್ಯಾನನ್ನೂ ಹಾಕುವಂತಿಲ್ಲ. ಇಂಥ ಕೋಣೆಯಲ್ಲಿ ಕ್ಲೇ ಗೊಂಬೆಯ ಮೇಲೆ ಬೆರಳಿನ ಗುರುತು ಮೂಡದಂತೆ ಕೆಲಸ ಮಾಡಲಾಗದು.

ಉತ್ತರ: ಮರಗೆಲಸದವನು, ಕೊಪ್ಪಳ

ಮೇಲಿನವರು ತಲೆ ಹಗುರವಾಗಿರಬೇಕೆಂದು ಹೇಳಿದ್ದನ್ನು ಓದಿ ಬಹಳ ಸಂತೋಷವಾಯಿತು, ಏಕೆಂದರೆ ಕಿನ್ನಾಳದ ಪದ್ಧತಿಯ ಗುಣವೇ ಅದು. ಅಲ್ಲಿನ ಚಿತ್ರಗಾರ ಮನೆತನಗಳವರು ಹಗುರವಾದ, ಮೃದುವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಅಂಟಿಸಿ, ಅದರ ಮೇಲೆ ಕಿಟ್ಟವನ್ನು ಹಚ್ಚುತ್ತಾರೆ. ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ಒಡವೆ, ಹೂಬಳ್ಳಿಗಳಂಥ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪವನ್ನು ಬಳಸುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆ ನಿಮಗೆ ಇಷ್ಟು ಹತ್ತಿರದಲ್ಲಿರುವಾಗ ಮಕ್ಕಳನ್ನು ಒಮ್ಮೆ ಕಿನ್ನಾಳಕ್ಕೆ ಕರೆದುಕೊಂಡು ಹೋಗಿ ಕೆಲಸವನ್ನು ಕಣ್ಣಾರೆ ತೋರಿಸಿರಿ ಎಂಬುದು ನನ್ನ ಮನವಿ. ಕಣ್ಣಿನ ರೆಪ್ಪೆಯನ್ನು ಒಂದೇ ಎಳೆತದಲ್ಲಿ ಬರೆಯುವ ಕೈಯನ್ನು ನೋಡಿದ ಮಗುವಿಗೆ ಮುಖ ಎಂದರೇನೆಂದು ಬೇರೆ ಪಾಠ ಬೇಕಾಗುವುದಿಲ್ಲ.

ಆದರೆ ಪೂಜೆಯ ಅಥವಾ ಅಲಂಕಾರದ ಗೊಂಬೆಗೂ ನಿಮ್ಮ ಗೊಂಬೆಗೂ ಕೆಲವು ವ್ಯತ್ಯಾಸಗಳನ್ನು ಮಾಡಿಕೊಳ್ಳಲೇಬೇಕು. ಮೊದಲನೆಯದಾಗಿ, ತಲೆಯನ್ನು ಮುಂಭಾಗ ಹಿಂಭಾಗ ಎಂದು ಎರಡು ಹೋಳಾಗಿ ಕೆತ್ತಿ, ಒಳಗಿನ ಮರವನ್ನು ಉಳಿಯಿಂದ ತೋಡಿ ತೆಗೆದು, ಮತ್ತೆ ಕೂಡಿಸಿರಿ. ನಾಲ್ಕು ಐದು ಮಿ.ಮೀ. ದಪ್ಪದ ಗೋಡೆ ಉಳಿದರೆ ಸಾಕು. ಹೇಗೂ ರುಮಾಲು ಇರುವುದರಿಂದ ನೆತ್ತಿಯನ್ನು ಪೂರ್ತಿಯಾಗಿ ತೆಗೆದುಹಾಕಿ, ಆ ಜಾಗವನ್ನು ಸ್ಪಂಜು ಮತ್ತು ಬಟ್ಟೆಯಿಂದ ತುಂಬಿಸಬಹುದು. ಇದರಿಂದ ತೂಕ ಇನ್ನಷ್ಟು ಇಳಿಯುತ್ತದೆ. ಎರಡನೆಯದಾಗಿ, ಕಿಟ್ಟವನ್ನು ತೆಳುವಾಗಿ ಹಚ್ಚಿ, ನೆರಳಿನಲ್ಲಿ ಒಣಗಿಸಿ, ನಯವಾದ ಮರಳು ಕಾಗದದಿಂದ ಉಜ್ಜಿರಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕಿನ್ನಾಳದ ಗೊಂಬೆಯ ಹೊಳಪು ನಿಮಗೆ ಬೇಡ. ಹೊಳೆಯುವ ಕೆನ್ನೆಯ ಮೇಲೆ ದೀಪದ ಬಿಳಿ ಚುಕ್ಕೆ ಬೀಳುತ್ತದೆ, ತಲೆ ಸ್ವಲ್ಪ ತಿರುಗಿದರೂ ಆ ಚುಕ್ಕೆ ಜಿಗಿಯುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಬಣ್ಣವನ್ನೇ ಬಳಸಿ, ವಾರ್ನಿಷ್ ಹಚ್ಚದೆ ಬಿಡಿರಿ.

ಕಣ್ಣಿನ ಗುಳಿಯನ್ನು ಸ್ವಲ್ಪ ಆಳವಾಗಿ ಕೆತ್ತಿ, ಅದರಲ್ಲಿ ಬಿಳಿಯ ಮಣಿಯೊಂದನ್ನು ವ್ಯಾಸಲೀನ್ ಸವರಿ ಕೂರಿಸಬಹುದು. ಮಣಿಯ ತೂತಿನ ಸುತ್ತ ಕಪ್ಪು ಬಣ್ಣ ಬಳಿದರೆ ಅದೇ ಕಣ್ಣಾಲಿ. ತೂತಿಗೆ ಸೂಜಿಯ ಮೊನೆ ಕೊಟ್ಟು ತಿರುಗಿಸಿದರೆ ನೋಟ ಬದಲಾಗುತ್ತದೆ, ಮುಖಕ್ಕೆ ಬೆರಳು ತಾಕುವುದೇ ಇಲ್ಲ. ಮರಿಯನ್ನು ಹುಡುಕುವ ಮುದುಕನಿಗೆ ಬಾಯಿಗಿಂತ ಕಣ್ಣೇ ಹೆಚ್ಚು ಕೆಲಸ ಮಾಡಬೇಕಲ್ಲವೇ.

ಉತ್ತರ: ಲೇತ್ ಕೆಲಸಗಾರ, ರಾಯಚೂರು

ಬಳ್ಳಾರಿಯ ಅಣ್ಣನವರು ಹೇಳಿದ್ದೆಲ್ಲ ಸರಿ, ಆದರೆ ಪಾದದ ಕೀಲಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಸಾವಿರ ಬಾರಿ ಬಾಗುವ ಜಾಗದಲ್ಲಿ ತಂತಿಯನ್ನು ಇಟ್ಟು ಮೇಲಿಂದ ಮೇಲೆ ಬದಲಾಯಿಸುವುದಕ್ಕಿಂತ ಅಲ್ಲಿ ಮಾತ್ರ ಗುಂಡು ಕೀಲು ಹಾಕುವುದು ಮೇಲು. ಎರಡು ಪುಟ್ಟ ಹಿತ್ತಾಳೆ ಪಟ್ಟಿಗಳ ನಡುವೆ ಗುಂಡನ್ನು ಸಿಕ್ಕಿಸಿ, ನಡುವೆ ಒಂದು ತಿರುಪು ಹಾಕಿ ಬಿಗಿ ಮಾಡುವ ರಚನೆ ಅದು. ಪಟ್ಟಿಗಳಲ್ಲಿ ಗುಂಡಿನ ವ್ಯಾಸಕ್ಕಿಂತ ತುಸು ಚಿಕ್ಕ ತೂತು ಕೊರೆದರೆ ಗುಂಡು ಅದರ ಅಂಚಿನ ಮೇಲೆ ಕೂರುತ್ತದೆ. ತಿರುಪನ್ನು ಎಷ್ಟು ಬಿಗಿ ಮಾಡುತ್ತೀರೋ ಕೀಲು ಅಷ್ಟು ಗಡುಸಾಗುತ್ತದೆ, ಸವೆದರೆ ಇನ್ನೊಂದು ಸುತ್ತು ತಿರುಗಿಸಿದರಾಯಿತು. ಬೇರಿಂಗಿನ ಉಕ್ಕಿನ ಗುಂಡುಗಳು ಹದಗೊಳಿಸಿದವಾದ್ದರಿಂದ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಬಗ್ಗುವುದಿಲ್ಲ. ಹಿತ್ತಾಳೆಯ ಸಲಾಕೆಯಿಂದಲೇ ಗುಂಡನ್ನು ಕಾಂಡದ ಸಮೇತ ಲೇತಿನಲ್ಲಿ ತಿರುವಿಸಿಕೊಳ್ಳಿ, ಆಗ ಬೆಸುಗೆಯ ಗೋಜೂ ಇರುವುದಿಲ್ಲ. ಎರಡು ಪಾದಕ್ಕೆ ಎರಡೇ ಕೀಲು. ಅಳತೆಯ ಚಿತ್ರ ಬರೆದುಕೊಟ್ಟರೆ ಯಾವ ಊರಿನ ಲೇತ್ ಅಂಗಡಿಯವರಾದರೂ ಮಾಡಿಕೊಟ್ಟಾರು.

ಶಿಕ್ಷಕಿಯವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಶರಣು. ಪಾದದಿಂದ ಮೇಲಕ್ಕೆ ಕಟ್ಟಬೇಕೆಂಬ ಮಾತು ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಗೊಂಬೆಯ ನಿಜ ಅಳತೆಯ ಚಿತ್ರವನ್ನು ಈಗಾಗಲೇ ಎದುರಿನಿಂದಲೂ ಪಕ್ಕದಿಂದಲೂ ಬರೆಯುತ್ತಿದ್ದಾರೆ. ಇನ್ನೆರಡು ಸಂದೇಹಗಳು ಉಳಿದಿವೆ. ಕಂಬಳಿಗೆ ನಿಜವಾದ ಉಣ್ಣೆಯ ಕಂಬಳಿಯ ತುಂಡನ್ನೇ ಬಳಸಬೇಕೆಂಬ ಆಸೆ ನಮಗಿದೆ. ಅದು ಸರಿಹೋಗುತ್ತದೆಯೇ? ಮರಿಯನ್ನು ಕೂಗಿ ಕರೆಯುವ ಒಂದೆರಡು ಕಡೆ ಅವನ ಬಾಯಿ ಚಲಿಸಬೇಕು. ಮರದ ಮುಖಕ್ಕೆ ಚಲಿಸುವ ಬಾಯನ್ನು ಹೇಗೆ ಕೊಡುವುದು?

ಉತ್ತರ: ಗೊಂಬೆ ಅನಿಮೇಷನ್ ಮಾಡುವವನು, ಬಳ್ಳಾರಿ

ರಾಯಚೂರಿನ ಅಣ್ಣನವರ ಸಲಹೆಯನ್ನು ಒಪ್ಪುತ್ತೇನೆ. ಲೇತ್ ಕೆಲಸ ಮಾಡಿಸುವ ಅನುಕೂಲವಿದ್ದರೆ ಪಾದಕ್ಕೆ ಗುಂಡು ಕೀಲು, ಉಳಿದೆಡೆ ತಂತಿ ಎಂಬ ಕೂಡಿಕೆ ಬಹಳ ಒಳ್ಳೆಯದು. ಅನುಕೂಲ ಇಲ್ಲದಿದ್ದರೆ ತಂತಿಯ ಪಾದಗಳಿಂದಲೇ ಚಿತ್ರ ಮುಗಿಸಬಹುದು, ಆ ಕಾರಣಕ್ಕೆ ಕೆಲಸ ನಿಲ್ಲಬಾರದು.

ಕಂಬಳಿಯ ಬಗ್ಗೆ ಎಚ್ಚರಿಕೆ ಬೇಕು. 1933ರ ಕಿಂಗ್ ಕಾಂಗ್ ಚಿತ್ರದ ಗೊರಿಲ್ಲಾ ಗೊಂಬೆಗೆ ಮಾರ್ಸೆಲ್ ಡೆಲ್ಗಾಡೊ ಮೊಲದ ತುಪ್ಪಳ ಹೊದಿಸಿದ್ದರು. ಪ್ರತಿ ಫ್ರೇಮಿಗೂ ಅನಿಮೇಟರ್ ಬೆರಳು ತಾಕಿದ ಜಾಗದಲ್ಲೆಲ್ಲ ರೋಮ ಒತ್ತಿಕೊಂಡು, ತೆರೆಯ ಮೇಲೆ ಗೊರಿಲ್ಲಾದ ಮೈ ಸದಾ ಸುಳಿಯುತ್ತಿರುವಂತೆ ಕಾಣುತ್ತದೆ. ನಿಜವಾದ ಕಂಬಳಿಯ ಎಳೆಗಳಿಗೂ ಇದೇ ಗತಿ. ಅಲ್ಲದೆ ಇಷ್ಟು ಚಿಕ್ಕ ಮನುಷ್ಯನ ಹೆಗಲ ಮೇಲೆ ಅದರ ನೇಯ್ಗೆ ಹಗ್ಗದಷ್ಟು ದಪ್ಪವಾಗಿ ಕಾಣುತ್ತದೆ. ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಗೆಯವರಲ್ಲಿ ಚಿಂದಿ ಬೇಕಾದಷ್ಟು ಸಿಕ್ಕರೂ ನಾನು ಗೊಂಬೆಯ ಉಡುಪಿಗೆ ಅದನ್ನು ಬಳಸದಿರುವುದು ಈ ಕಾರಣಕ್ಕೇ. ತೊಳೆದು ತೊಳೆದು ತೆಳುವಾದ ಹಳೆಯ ಹತ್ತಿಬಟ್ಟೆಯ ಎರಡು ಪದರಗಳ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ, ಅಂಚಿಗೆ ತೆಳುವಾದ ತಂತಿ ಕೊಡಿರಿ. ಕಪ್ಪು ಬಣ್ಣ ಹಾಕಿ, ನೀರು ಬೆರೆಸಿದ ಫೆವಿಕಾಲ್‌ನಿಂದ ಒಮ್ಮೆ ಸವರಿದರೆ ಎಳೆಗಳು ಕೂತುಬಿಡುತ್ತವೆ. ಹೀಗೆ ಮಾಡಿದ ಕಂಬಳಿಯ ಮಡಿಕೆ ಇಟ್ಟಲ್ಲೇ ನಿಲ್ಲುತ್ತದೆ, ಗಾಳಿ ಬೀಸುವ ದೃಶ್ಯವಿದ್ದರೆ ಅದರ ಅಂಚನ್ನು ಫ್ರೇಮಿಗೆ ಇಷ್ಟಿಷ್ಟೇ ಎಂದು ಏರಿಸಬಹುದು. ಧೋತರದ ಅಂಚಿಗೂ ಇದೇ ಉಪಾಯ, ಮೊಣಕಾಲಿನ ಬಳಿ ಮಾತ್ರ ಬಟ್ಟೆಯನ್ನು ಸಡಿಲ ಬಿಡಿರಿ. ಉಣ್ಣೆಯ ಆಸೆಯನ್ನು ಕುರಿಮರಿಯ ಮೈಮೇಲೆ ತೀರಿಸಿಕೊಳ್ಳಬಹುದು. ಬಿಗಿಯಾಗಿ ಗುಂಗುರು ಮಾಡಿ ಅಂಟಿಸಿದ ಉಣ್ಣೆ ಅಷ್ಟಾಗಿ ಕದಲುವುದಿಲ್ಲ, ತುಸು ಕದಲಿದರೂ ಮರಿಗೆ ಒಪ್ಪುತ್ತದೆ.

ಬಾಯಿಯನ್ನು ಚಲಿಸುವಂತೆ ಮಾಡುವ ಬದಲು ಬದಲಾಯಿಸುವಂತೆ ಮಾಡಿರಿ. ಮೀಸೆಯ ಕೆಳಗಿನ ಭಾಗವನ್ನು ಮುಖದಿಂದ ಬೇರೆಯಾಗಿ ಕೆತ್ತಿಸಿ, ಅದೇ ಅಳತೆಯ ಐದು ತುಂಡುಗಳನ್ನು ಮಾಡಿಕೊಂಡರೆ ಕನ್ನಡದ ಉಚ್ಚಾರಣೆಗೆ ಸಾಕಾಗುತ್ತದೆ: ಪ, ಬ, ಮ ಅಕ್ಷರಗಳಿಗೆ ಮುಚ್ಚಿದ ತುಟಿ, ಅ ಆಗಳಿಗೆ ತೆರೆದ ಬಾಯಿ, ಇ ಎಗಳಿಗೆ ಅಗಲಿಸಿದ್ದು, ಉ ಒಗಳಿಗೆ ದುಂಡಗಿನದು, ವಕಾರಕ್ಕೆ ಕೆಳತುಟಿ ಹಲ್ಲಿಗೆ ತಾಕಿದ್ದು. ಒಂದೊಂದರ ಹಿಂದೆಯೂ ಚಿಟಿಕೆ ಮೇಣ ಇಟ್ಟು ಒತ್ತಿದರೆ ಕೂರುತ್ತದೆ. ಮುಖಕ್ಕೂ ಈ ತುಂಡುಗಳಿಗೂ ಒಂದೇ ಸಲ ಕಲಸಿದ ಬಣ್ಣ ಬಳಿಯಿರಿ, ಎರಡನೆಯ ಸಲ ಕಲಸಿದ್ದು ಎಂದೂ ಹೊಂದುವುದಿಲ್ಲ. ತುಂಡಿನ ಅಂಚು ಮುಖದ ಗೆರೆಯೊಂದರೊಳಗೆ ಸೇರುವಂತಿರಲಿ. ವಯಸ್ಸಾದವನ ಮುಖದಲ್ಲಿ ಮೂಗಿನ ಪಕ್ಕದಿಂದ ಗಲ್ಲಕ್ಕೆ ಇಳಿಯುವ ಸುಕ್ಕು ಹೇಗೂ ಇರುತ್ತದೆ, ಜೋಡಣೆಯ ಗೆರೆಯನ್ನು ಅಲ್ಲಿಯೇ ಮರೆಸಬಹುದು.

ಕೊನೆಯದಾಗಿ ಒಂದು ಪರೀಕ್ಷೆ. ಸ್ಪಂಜು, ಬಟ್ಟೆ ಯಾವುದನ್ನೂ ಹಾಕುವ ಮೊದಲು ಬರಿಯ ತಂತಿಯ ಅಸ್ಥಿಪಂಜರವನ್ನು ಒಂದೇ ಪಾದದ ಬೋಲ್ಟಿನ ಮೇಲೆ, ತುಸು ಮುಂದಕ್ಕೆ ಬಾಗಿದ ಭಂಗಿಯಲ್ಲಿ ನಿಲ್ಲಿಸಿ, ತಲೆಯ ಜಾಗಕ್ಕೆ ತಲೆ, ರುಮಾಲು, ಕಂಬಳಿಗಳ ಒಟ್ಟು ತೂಕದಷ್ಟು ಮಣ್ಣಿನ ಉಂಡೆ ಸಿಕ್ಕಿಸಿರಿ. ಕ್ಯಾಮೆರಾವನ್ನು ಅಲುಗಿಸದೆ ಸಂಜೆ ಒಂದು ಚಿತ್ರ, ಮರುದಿನ ಬೆಳಿಗ್ಗೆ ಒಂದು ಚಿತ್ರ ತೆಗೆದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿರಿ. ತಲೆ ಕೆಳಗಿಳಿದಿದ್ದರೆ ಕಾಲಿನ ತಂತಿಗೆ ಮೂರನೆಯ ಎಳೆ ಸೇರಿಸಿ. ಆ ದಪ್ಪ ಹುರಿ ಕನೆಕ್ಟರಿನ ಕೊಳವೆಯೊಳಗೆ ಹೊಗುತ್ತದೆಯೇ ಎಂಬುದನ್ನು ಮಾತ್ರ ಅಂಗಡಿಯಲ್ಲೇ ತೂರಿಸಿ ನೋಡಿ ತನ್ನಿರಿ.